ನಿಮ್ಮ ಮೂರು ತಿಂಗಳ ಲಾಭ, ನನ್ನ ಮೂರು ತಿಂಗಳ ಬಾಕಿ

ಇವರಿಗೆ,
ಮಾನ್ಯ ಅಧ್ಯಕ್ಷರು ಮತ್ತು ನಿರ್ದೇಶಕ ಮಂಡಳಿಯ ಸದಸ್ಯರು

ವಿಷಯ: 2025ರ ಡಿಸೆಂಬರ್ 31ಕ್ಕೆ ಮುಗಿದ ತ್ರೈಮಾಸಿಕದ ಫಲಿತಾಂಶ ಮತ್ತು ರೊಟ್ಟಿ ಬಿಲ್ಲಿನ ಬಾಕಿ ಕುರಿತು

ಮಾನ್ಯರೇ,

ನಮಸ್ಕಾರ. ನಾನು ಬಾಗಲಕೋಟೆಯ ನವನಗರದಲ್ಲಿ ರೊಟ್ಟಿ ಮಾಡಿಸುವವಳು. ನಿಮ್ಮ ಹೋಟೆಲು-ಬೇಕರಿಗಳಲ್ಲಿ ಉತ್ತರ ಕರ್ನಾಟಕದ ಊಟ ಅಂತ ಒಂದು ತಟ್ಟೆ ಬರುತ್ತದಲ್ಲ, ಅದರಲ್ಲಿ ಎಣಗಾಯಿ ಪಲ್ಯದ ಪಕ್ಕ ಇರುವ ಖಡಕ್ ರೊಟ್ಟಿ ನಮ್ಮ ಶೆಡ್ಡಿನದು. ಎಂಟು ಜನ ಹೆಣ್ಣುಮಕ್ಕಳು ಕೈಯಲ್ಲಿ ಬಡಿದದ್ದು. ಇದರ ಜೊತೆಗೆ ನಾನು ನಿಮ್ಮ ಶೇರುದಾರಳೂ ಹೌದು. 25 ಶೇರು ಇವೆ. ಕಡಿಮೆ ಅಂತ ನನಗೂ ಗೊತ್ತು. ಆದರೆ ಲೆಕ್ಕ ಕೇಳುವುದಕ್ಕೆ ಒಂದು ಶೇರು ಇದ್ದರೂ ಸಾಕು ಅಂತ ಮಗಳು ಹೇಳುತ್ತಾಳೆ.

ಆ ಶೇರು ಕೊಂಡ ಕಥೆಯೂ ನಿಮ್ಮಿಂದಲೇ ಶುರುವಾದದ್ದು. ನಿಮ್ಮಿಂದ ಬಂದ ಮೊದಲ ದೊಡ್ಡ ಚೆಕ್ಕಿನ ದಿನ ಮಗಳು, "ಅವ್ವಾ, ಅವರಿಗೆ ರೊಟ್ಟಿ ಕೊಡಾಕತ್ತಿ, ಅವರ ಲಾಭದಾಗ ಒಂದು ತುತ್ತು ನಮಗೂ ಬರಲಿ" ಅಂತ ಡಿಮ್ಯಾಟ್ ಖಾತೆ ತೆರೆಸಿದಳು. ಅವಳು ಬಿಕಾಂ ಓದುತ್ತಿದ್ದಾಳೆ. ನಿಮ್ಮ ಫಲಿತಾಂಶದ ಇಂಗ್ಲಿಷ್ ಹಾಳೆಗಳನ್ನು ನನಗೆ ಓದಿ ಹೇಳುವವಳು ಅವಳೇ. ತಪ್ಪು ತಿಳಿದುಕೊಂಡಿದ್ದರೆ ತಿದ್ದಿ, ಬೇಜಾರಿಲ್ಲ.

ಈ ವಿಷಯವನ್ನು ನಿಮ್ಮ ಕಚೇರಿಗೆ ಎರಡು ಸಲ ಮೇಲ್ ಮಾಡಿದ್ದೆ, ಒಂದು ಸಲ ಸ್ಪೀಡ್ ಪೋಸ್ಟ್ ಕಳಿಸಿದ್ದೆ. ಉತ್ತರ ಬರಲಿಲ್ಲ. ಅದಕ್ಕೇ ಬಹಿರಂಗವಾಗಿ ಬರೆಯುತ್ತಿದ್ದೇನೆ. ಕಂಪನಿಯ ಹೆಸರು ಎಲ್ಲೂ ಹಾಕಿಲ್ಲ. ನಿಮ್ಮನ್ನು ಬೀದಿಯಲ್ಲಿ ನಿಲ್ಲಿಸುವುದು ನನ್ನ ಉದ್ದೇಶ ಅಲ್ಲ. ನಾಳೆಯೂ ನಿಮಗೆ ರೊಟ್ಟಿ ಕೊಡುವವಳು ನಾನೇ ಅಲ್ವಾ?

ಈ ತಿಂಗಳು ನಿಮ್ಮ ಫಲಿತಾಂಶ ಬಂತು. ಶೇರು ಮಾರುಕಟ್ಟೆಯಲ್ಲಿರುವ ಕಂಪನಿ ತ್ರೈಮಾಸಿಕ ಮುಗಿದ 45 ದಿನದೊಳಗೆ ಲೆಕ್ಕ ತೋರಿಸಬೇಕು, ಡಿಸೆಂಬರ್ ಲೆಕ್ಕಕ್ಕೆ ಫೆಬ್ರವರಿ 14 ಕೊನೆ ದಿನ. ನೀವು ಒಂದು ದಿನವೂ ತಡ ಮಾಡಲಿಲ್ಲ. ಈ 45 ದಿನ ಅನ್ನುವ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಮುಂದೆ ಮತ್ತೆ ಬರುತ್ತದೆ.

ಪತ್ರಿಕಾ ಪ್ರಕಟಣೆಯ ಮೊದಲ ಸಾಲಿನಲ್ಲೇ ಮಾರಾಟ ಜೋರಾಗಿ ಏರಿದೆ ಅಂತಿದೆ. ಕೆಳಗೆ ಹೊಸ ಅಂಗಡಿಗಳ ಫೋಟೊ, ರಿಬ್ಬನ್ನು, ಹೂವಿನ ಹಾರ. ಮುಂದಿನ ವರ್ಷ ಇನ್ನೂ ಎಷ್ಟು ಅಂಗಡಿ ಅನ್ನುವ ಮಾತು. ಓದಿ ನನಗೂ ಖುಷಿ ಆಯಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ನನ್ನ ಖಾತೆ ಪುಸ್ತಕ ತೆಗೆದೆ.

ನನ್ನದು ಕೆಂಪು ಬಟ್ಟೆ ಹೊದಿಸಿದ ಉದ್ದನೆಯ ಪುಸ್ತಕ. ನಿಮ್ಮ ಒಂದೊಂದು ಅಂಗಡಿಗೆ ಒಂದೊಂದು ಪುಟ. ದಿನಾ ಎಷ್ಟು ರೊಟ್ಟಿ ಹೋಯಿತು, ಎಷ್ಟು ಮುರಿದಿದೆ ಅಂತ ವಾಪಸ್ ಬರೆದರು, ಎಲ್ಲ ಅದರಲ್ಲಿದೆ. 2024ರ ಕೊನೆಯ ಮೂರು ತಿಂಗಳು ನಾನು ನಿಮ್ಮ ಎರಡೇ ಅಂಗಡಿಗೆ ಕೊಡುತ್ತಿದ್ದೆ. ಬೆಳಗಾವಿಗೆ ದಿನಕ್ಕೆ ಸರಾಸರಿ 420, ಬಾಗಲಕೋಟೆಗೆ 400, ಒಟ್ಟು 820. ಆಮೇಲೆ ವಿಜಯಪುರದಲ್ಲಿ ಒಂದು ತೆರೆದಿರಿ. ಬೆಳಗಾವಿಯಲ್ಲೇ ಹೆದ್ದಾರಿ ಕಡೆ ಇನ್ನೊಂದು ತೆರೆದಿರಿ. 2025ರ ಕೊನೆಯ ಮೂರು ತಿಂಗಳಲ್ಲಿ ನಾಲ್ಕು ಅಂಗಡಿ ಸೇರಿ ದಿನಕ್ಕೆ ಸರಾಸರಿ 1,140 ರೊಟ್ಟಿ ಹೋಗಿದೆ. ನೂರಕ್ಕೆ 39ರಷ್ಟು ಜಾಸ್ತಿ. ನಿಮ್ಮ ಪ್ರಕಟಣೆಯ ಭಾಷೆಯಲ್ಲಿ ಹೇಳಿದರೆ ನನ್ನದೂ ಭರ್ಜರಿ ಬೆಳವಣಿಗೆಯೇ.

ಆದರೆ ಪುಟ ತಿರುಗಿಸಿದರೆ ಕಥೆ ಬೇರೆ. ಬೆಳಗಾವಿಯ ಹಳೆಯ ಅಂಗಡಿ 420ರಿಂದ 290ಕ್ಕೆ ಇಳಿದಿದೆ. ಬಾಗಲಕೋಟೆಯದು 400ರಿಂದ 260ಕ್ಕೆ. ಹಳೆಯ ಎರಡರಲ್ಲಿ 820 ಇದ್ದದ್ದು ಈಗ 550. ಮೂರರಲ್ಲಿ ಒಂದು ಪಾಲು ಹೋಯಿತು. ಅಂಗಡಿ ಎರಡು ಪಟ್ಟಾದವು, ರೊಟ್ಟಿ ಎರಡು ಪಟ್ಟಾಗಲಿಲ್ಲ. ಹೆದ್ದಾರಿ ಕಡೆಯ ಹೊಸ ಅಂಗಡಿ ಹಳೆಯದರ ಗಿರಾಕಿಯನ್ನೇ ತಿಂದಿದೆ ಅಂತ ನಿಮ್ಮ ಬೆಳಗಾವಿಯ ಹುಡುಗರೇ ಹೇಳುತ್ತಾರೆ.

ರೊಟ್ಟಿ ಒಂದರಿಂದಲೇ ಇಡೀ ವ್ಯಾಪಾರ ಅಳೆಯಲು ಬರುವುದಿಲ್ಲ, ಒಪ್ಪುತ್ತೇನೆ. ಜನ ರೊಟ್ಟಿ ಬಿಟ್ಟು ಪಿಜ್ಜಾ ತಿನ್ನುತ್ತಿರಬಹುದು, ನಿಮ್ಮ ಕುಂದಾ ಚೀಸ್‌ಕೇಕ್ ತಿನ್ನುತ್ತಿರಬಹುದು. (ಬೆಳಗಾವಿ ಕುಂದಾಕ್ಕೆ ಚೀಸ್ ಯಾಕೆ ಬೇಕಿತ್ತು ಅನ್ನುವುದು ಬೇರೆ ಪತ್ರದ ವಿಷಯ.) ಆದರೆ ಹೀಗೆ ಅನುಮಾನ ಬಾರದಂತೆ ಮಾಡುವುದು ನಿಮ್ಮ ಕೈಯಲ್ಲೇ ಇದೆ. ಒಂದು ವರ್ಷಕ್ಕಿಂತ ಹಳೆಯ ಅಂಗಡಿಗಳ ಮಾರಾಟ ಹೋದ ವರ್ಷದ ಇದೇ ಮೂರು ತಿಂಗಳಿಗೆ ಹೋಲಿಸಿದರೆ ಎಷ್ಟು ಏರಿತು, ಎಷ್ಟು ಇಳಿಯಿತು ಅಂತ ಒಂದೇ ಒಂದು ಅಂಕಿ ಕೊಟ್ಟರೆ ಸಾಕು. ಹೋಟೆಲು ಕಂಪನಿಗಳು ಕೊಡುವ ಮಾಮೂಲಿ ಅಂಕಿ ಅದು. ನೀವೂ ಮೊದಲು ಕೊಡುತ್ತಿದ್ದಿರಿ. ಈಚಿನ ಎರಡು ತ್ರೈಮಾಸಿಕದಿಂದ ಆ ಸಾಲೇ ಕಾಣುತ್ತಿಲ್ಲ. ಫಲಿತಾಂಶದ ಬಗ್ಗೆ ಹೂಡಿಕೆದಾರರ ಜೊತೆ ಫೋನಿನಲ್ಲಿ ನಡೆಸುವ ಕಾನ್ಫರೆನ್ಸ್ ಕಾಲಿನಲ್ಲಿ ಒಬ್ಬರು ಅದನ್ನೇ ಕೇಳಿದ್ದಾರೆ. ಹೊಸ ಅಂಗಡಿಗಳು ಚೆನ್ನಾಗಿ ನಡೆಯುತ್ತಿವೆ ಅಂತ ನೀವು ಉತ್ತರ ಕೊಟ್ಟಿದ್ದೀರಿ. ಅವರು ಕೇಳಿದ್ದು ಹಳೆಯದನ್ನು, ಸರ್.

ಹೋಲಿಕೆಯ ಬಗ್ಗೆ ಇನ್ನೊಂದು ಮಾತು. ಮಾರಾಟವನ್ನು ನೀವು ಹಿಂದಿನ ತ್ರೈಮಾಸಿಕಕ್ಕೆ ಹೋಲಿಸಿದ್ದೀರಿ, ಲಾಭವನ್ನು ಹಿಂದಿನ ವರ್ಷಕ್ಕೆ. ಎಲ್ಲಿ ಎತ್ತರ ಕಾಣುತ್ತದೋ ಅಲ್ಲಿ ನಿಂತು ಫೋಟೊ ತೆಗೆಸಿಕೊಂಡ ಹಾಗೆ. ಜುಲೈನಿಂದ ಸೆಪ್ಟೆಂಬರ್ ಅಂದರೆ ಶ್ರಾವಣ, ಆಮೇಲೆ ಪಿತೃಪಕ್ಷ. ನಮ್ಮ ಕಡೆ ಶ್ರಾವಣದಲ್ಲಿ ಹೊರಗೆ ತಿನ್ನುವವರು ಕಡಿಮೆ, ಮೊಟ್ಟೆ ಹಾಕಿದ ಕೇಕು ಮುಟ್ಟದವರು ಜಾಸ್ತಿ. ಅಕ್ಟೋಬರ್‌ನಿಂದ ಡಿಸೆಂಬರ್ ಅಂದರೆ ದೀಪಾವಳಿ, ಕ್ರಿಸ್‌ಮಸ್, ಹೊಸ ವರ್ಷದ ಕೇಕು. ಆ ಮೂರು ತಿಂಗಳಿಗಿಂತ ಈ ಮೂರು ತಿಂಗಳು ಜಾಸ್ತಿ ಆಗದಿದ್ದರೆ ಬೇಕರಿಗೆ ಬೀಗ ಹಾಕಬೇಕಷ್ಟೇ. ವರ್ಷದ ಹೋಲಿಕೆಯೂ ಪೂರ್ತಿ ಸಮ ಅಲ್ಲ. 2024ರಲ್ಲಿ ನವರಾತ್ರಿ ಪೂರ್ತಿ ಅಕ್ಟೋಬರ್‌ನಲ್ಲಿ ಬಂದಿತ್ತು. 2025ರಲ್ಲಿ ಸೆಪ್ಟೆಂಬರ್ 22ಕ್ಕೇ ಶುರುವಾಯಿತು, ಅಕ್ಟೋಬರ್ 2ಕ್ಕೆ ವಿಜಯದಶಮಿ ಮುಗಿಯಿತು. ಅಂದರೆ ಹಬ್ಬದ ಹೆಚ್ಚಿನ ದಿನಗಳು ಹಿಂದಿನ ತ್ರೈಮಾಸಿಕಕ್ಕೆ ಸೇರಿದವು. ಈ ಮಾತನ್ನು ನೀವೇ ಹೇಳಿಕೊಂಡಿದ್ದರೆ ನಿಮಗೇ ಅನುಕೂಲ ಆಗುತ್ತಿತ್ತು. ಒಂದು ಸಾಲು ಬರೆದಿದ್ದರೆ ಸಾಕಿತ್ತು.

ಅದೇ ಸೆಪ್ಟೆಂಬರ್ 22ರಂದು ಜಿಎಸ್‌ಟಿ ಕೂಡ ಬದಲಾಯಿತು. ಕೇಕು, ಪೇಸ್ಟ್ರಿ, ಬಿಸ್ಕತ್ತಿಗೆ ಇದ್ದ ಶೇ 18 ತೆರಿಗೆ ಶೇ 5 ಆಯಿತು. ರೊಟ್ಟಿ, ಚಪಾತಿಗೆ ಶೇ 5 ಇದ್ದದ್ದು ಸೊನ್ನೆ ಆಯಿತು. ಮರುದಿನ ನಿಮ್ಮ ಖರೀದಿ ವಿಭಾಗದಿಂದ ನನಗೆ ಫೋನು. "ಮೇಡಂ, ಟ್ಯಾಕ್ಸ್ ಹೋಯ್ತಲ್ಲ, ರೇಟ್ ಐದು ಪರ್ಸೆಂಟ್ ಇಳಿಸಿ." ನಾನು ಹೇಳಿದೆ: ಅಪ್ಪಾ, ನನ್ನ ವಹಿವಾಟು ವರ್ಷಕ್ಕೆ 40 ಲಕ್ಷದ ಒಳಗೆ. ನಾನು ಜಿಎಸ್‌ಟಿ ನೋಂದಣಿಯೇ ಮಾಡಿಸಿಲ್ಲ. ಬಿಲ್ಲಿನಲ್ಲಿ ತೆರಿಗೆ ಹಾಕಿಯೇ ಇಲ್ಲ. ಇಲ್ಲದ್ದನ್ನು ಇಳಿಸುವುದು ಹೇಗೆ? ಆ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೇಲಿನವರಿಗೆ ಕೇಳಿ ಹೇಳ್ತೀನಿ" ಅಂದ. ಮೇಲಿನವರು ಏನು ಹೇಳಿದರೋ ಇನ್ನೂ ತಿಳಿದಿಲ್ಲ. ನಿಮ್ಮ ಪೇಸ್ಟ್ರಿ ಬೆಲೆ ಎಷ್ಟು ಇಳಿಯಿತು ಅಂತ ನಾನು ಕೇಳುವುದಿಲ್ಲ. ಫಲಿತಾಂಶದಲ್ಲಿ ಬೇಕರಿಯ ಲಾಭಾಂಶ ಏರಿದೆ ಅಂತ ಬರೆದಿದ್ದೀರಿ. ಅದಕ್ಕೂ ಇದಕ್ಕೂ ಏನಾದರೂ ಸಂಬಂಧ ಇದೆಯಾ ಅನ್ನುವುದನ್ನು ಮಾತ್ರ ಶೇರುದಾರಳಾಗಿ ಕೇಳುತ್ತೇನೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ.

ನಿಮ್ಮ ಪ್ರಕಟಣೆಯಲ್ಲಿ ಒಂದು ಮಾತಿದೆ. ದುಡಿಯುವ ಬಂಡವಾಳವನ್ನು ಚೆನ್ನಾಗಿ ನಿಭಾಯಿಸಿದ್ದರಿಂದ ಕೈಯಲ್ಲಿ ನಗದು ಜಾಸ್ತಿ ಉಳಿಯಿತು, ಸಾಲ ಮಾಡದೆ ಹೊಸ ಅಂಗಡಿ ತೆರೆಯಲು ಅನುಕೂಲ ಆಯಿತು ಅಂತ ಅದರ ಅರ್ಥ. ಮಗಳು ಎರಡು ಸಲ ಓದಿದಳು. "ದುಡಿಯುವ ಬಂಡವಾಳ ಅಂದ್ರ ಏನು?" ಅಂತ ಕೇಳಿದೆ. "ಬರೋದು ಲಗೂನ ತಗೊಳ್ಳೋದು, ಕೊಡೋದು ತಡಾ ಮಾಡೋದು" ಅಂದಳು. ಅವಳ ಮೇಷ್ಟ್ರು ಹೀಗೆ ಹೇಳಿಕೊಟ್ಟಿರಲಿಕ್ಕಿಲ್ಲ. ಆದರೆ ನನಗೆ ತಕ್ಷಣ ಅರ್ಥವಾಯಿತು. ಅದರಲ್ಲಿ ನಾನೂ ಇದ್ದೇನೆ.

ಅಕ್ಟೋಬರ್, ನವೆಂಬರ್, ಡಿಸೆಂಬರ್. 92 ದಿನ, ದಿನಕ್ಕೆ 1,140ರಂತೆ 1,04,880 ರೊಟ್ಟಿ. ಒಂದಕ್ಕೆ 6 ರೂಪಾಯಿಯಂತೆ 6,29,280 ರೂಪಾಯಿ. ಅದರಲ್ಲಿ ಮುರಿದ ರೊಟ್ಟಿ ಅಂತ ನೂರಕ್ಕೆ ಐದು ಕಡಿತ, 31,464. ಉಳಿದದ್ದು 5,97,816 ರೂಪಾಯಿ. ಇದರಲ್ಲಿ ಈ ಪತ್ರ ಬರೆಯುವ ದಿನದವರೆಗೆ ಒಂದು ರೂಪಾಯಿಯೂ ಬಂದಿಲ್ಲ. ನಿಮ್ಮದೇ ಆರ್ಡರ್ ಪತ್ರದಲ್ಲಿ ಬಿಲ್ಲು ಕೊಟ್ಟ 45 ದಿನಕ್ಕೆ ಹಣ ಅಂತ ಬರೆದಿದೆ. ಅಕ್ಟೋಬರ್ ಬಿಲ್ಲಿನ ಗಡುವು ಡಿಸೆಂಬರ್‌ನಲ್ಲೇ ಮುಗಿಯಿತು. ನವೆಂಬರ್‌ದು ಸಂಕ್ರಾಂತಿಯ ಹೊತ್ತಿಗೆ. ಡಿಸೆಂಬರ್ ಬಿಲ್ಲಿನದೂ ಕಳೆದ ವಾರ ದಾಟಿತು. ನಿಮ್ಮ ಲೆಕ್ಕ ತೋರಿಸಲು ನಿಮಗಿದ್ದದ್ದೂ 45 ದಿನ, ನನ್ನ ಹಣ ಕೊಡಲು ಇದ್ದದ್ದೂ 45 ದಿನ. ಒಂದು ಗಡುವು ತಪ್ಪಲಿಲ್ಲ, ಇನ್ನೊಂದು ನೆನಪೇ ಆಗಲಿಲ್ಲ.

ಅಕೌಂಟ್ಸ್‌ಗೆ ಫೋನ್ ಮಾಡಿದರೆ ಬಿಲ್ಲು ಇನ್ನೂ ಮ್ಯಾಚ್ ಆಗಿಲ್ಲ ಅನ್ನುತ್ತಾರೆ. ಅಂಗಡಿಯಲ್ಲಿ ಕೇಳಿದರೆ ನಾವು ಎಂಟ್ರಿ ಹಾಕಿದ್ದೇವೆ, ಹೆಡ್ ಆಫೀಸಿನಲ್ಲಿ ನಿಂತಿದೆ ಅನ್ನುತ್ತಾರೆ. ಹೆಡ್ ಆಫೀಸಿನ ನಂಬರ್ ಎತ್ತುವುದಿಲ್ಲ. ಬಾಗಲಕೋಟೆಯವರಿಗೆ ಕಾಯುವುದು ಹೊಸದೇನಲ್ಲ ಬಿಡಿ. ಆಲಮಟ್ಟಿ ಹಿನ್ನೀರಿನಲ್ಲಿ ಹಳೇ ಊರಿನ ಮನೆ ಹೋದ ಮೇಲೆ ಪರಿಹಾರದ ಫೈಲು ಹಿಡಿದು ಅಲೆದವರ ಮಕ್ಕಳು ನಾವು. ಆದರೆ ಅದು ಸರಕಾರ. ನೀವು ಮೂರು ತಿಂಗಳಿಗೊಮ್ಮೆ ಪೈಸೆ ಪೈಸೆ ಲೆಕ್ಕ ಒಪ್ಪಿಸುವ ಕಂಪನಿ.

ಈಗ ನನ್ನ ಪುಸ್ತಕದಲ್ಲಿ ನಾನು ಗಮನಿಸಿದ ಒಂದು ಸಂಗತಿ ಹೇಳುತ್ತೇನೆ. ನಿಮ್ಮಿಂದ ದುಡ್ಡು ವರ್ಷಕ್ಕೆ ಎರಡು ಸಲ ಗಂಟಾಗಿ ಬರುತ್ತದೆ. ಮಾರ್ಚ್ ಕೊನೆಯ ವಾರ, ಸೆಪ್ಟೆಂಬರ್ ಕೊನೆಯ ವಾರ. ನಡುವೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮೊದಮೊದಲು ಹಬ್ಬಕ್ಕೆ ಕೊಡುತ್ತಾರೇನೋ ಅಂದುಕೊಂಡಿದ್ದೆ. ಮಗಳು ಕೂತು ಕಾರಣ ಹುಡುಕಿದಳು.

ಆಸ್ತಿ ಮತ್ತು ಹೊಣೆಯ ಪಟ್ಟಿಯನ್ನು ಕಂಪನಿಗಳು ಪ್ರತಿ ತ್ರೈಮಾಸಿಕ ತೋರಿಸಬೇಕಿಲ್ಲ. ಸೆಪ್ಟೆಂಬರ್ ಮತ್ತು ಮಾರ್ಚ್ ಕೊನೆಗೆ ತೋರಿಸಿದರೆ ಸಾಕು. ಯಾರಿಗೆ ಎಷ್ಟು ಕೊಡಬೇಕು ಅನ್ನುವುದು ಕಾಣುವುದು ಅದರಲ್ಲೇ. ವಾರ್ಷಿಕ ಲೆಕ್ಕದಲ್ಲಂತೂ ಸಣ್ಣ ಉದ್ದಿಮೆಗಳ ಬಾಕಿಯನ್ನು ಬೇರೆ ಸಾಲಿನಲ್ಲೇ ತೋರಿಸಬೇಕು. ಅತಿಸಣ್ಣ ಮತ್ತು ಸಣ್ಣ ಉದ್ದಿಮೆಗಳ ಬಾಕಿ 45 ದಿನ ದಾಟಿದ್ದರೆ ಆರು ತಿಂಗಳಿಗೊಮ್ಮೆ ಸರಕಾರಕ್ಕೆ ಎಂಎಸ್‌ಎಂಇ-1 ಅಂತ ಒಂದು ಫಾರ್ಮ್ ತುಂಬಬೇಕು, ಅದೂ ಸೆಪ್ಟೆಂಬರ್ ಮತ್ತು ಮಾರ್ಚ್‌ವರೆಗಿನ ಲೆಕ್ಕವೇ. ಆದಾಯ ತೆರಿಗೆಯ 43ಬಿ(ಎಚ್) ನಿಯಮ 2024ರ ಏಪ್ರಿಲ್‌ನಲ್ಲಿ ಬಂತು. ಗಡುವು ಮೀರಿದ ನಮ್ಮಂಥವರ ಬಾಕಿ ಮಾರ್ಚ್ 31ಕ್ಕೆ ಹಾಗೇ ಉಳಿದರೆ ಆ ವರ್ಷ ಅದನ್ನು ಖರ್ಚು ಅಂತ ಕಳೆಯಲು ಬಿಡುವುದಿಲ್ಲ, ತೆರಿಗೆ ಜಾಸ್ತಿ ಬೀಳುತ್ತದೆ. ಮಾರ್ಚ್ 25ರ ಹೊತ್ತಿಗೆ ನಿಮ್ಮ ಅಕೌಂಟ್ಸ್‌ನಿಂದ ನನಗೆ ತಾನಾಗೇ ಫೋನ್ ಯಾಕೆ ಬರುತ್ತದೆ ಅಂತ ಆಗ ತಿಳಿಯಿತು. "ಮೇಡಂ, ಉದ್ಯಮ್ ಸರ್ಟಿಫಿಕೇಟ್ ಇನ್ನೊಂದ್ಸಲ ವಾಟ್ಸಾಪ್ ಮಾಡಿ, ಅರ್ಜೆಂಟ್." ಸಣ್ಣ ಉದ್ದಿಮೆ ಅಂತ ನೋಂದಣಿ ಆದದ್ದಕ್ಕೆ ಸರಕಾರ ಕೊಡುವ ಪತ್ರ ಅದು. ಆ ಒಂದು ವಾರ ನನ್ನಷ್ಟು ಬೇಕಾದವರು ನಿಮಗೆ ಇನ್ಯಾರೂ ಇರುವುದಿಲ್ಲ.

ಪುಸ್ತಕ ತೋರಿಸುವ ದಿನ ನನ್ನ ಹಣ ಬರುತ್ತದೆ. ತೋರಿಸಬೇಕಿಲ್ಲದ ತಿಂಗಳಲ್ಲಿ ಅದು ನಿಮ್ಮಲ್ಲೇ ಉಳಿಯುತ್ತದೆ. ಇದು ಬೇಕೆಂದೇ ಮಾಡಿದ್ದೋ, ತಾನಾಗಿ ಆದದ್ದೋ ನೀವೇ ಹೇಳಬೇಕು. ನನಗೆ ಕಾಣುವುದು ಇಷ್ಟು: ಡಿಸೆಂಬರ್ ಫಲಿತಾಂಶದಲ್ಲಿ ಕಂಪನಿಯ ನಗದು ಹಾಡಿ ಹೊಗಳಲಾಗಿದೆ, ಅದು ಯಾರದು ಅಂತ ತೋರಿಸುವ ಪುಟ ಮಾತ್ರ ಇಲ್ಲ.

ನನ್ನ ಕಡೆಯ ಲೆಕ್ಕವನ್ನೂ ಕೇಳಿ. ಕೆಜಿ ಹಿಟ್ಟಿಗೆ ಹದಿನೈದು, ಹದಿನಾರು ರೊಟ್ಟಿ ಆಗುತ್ತವೆ. ಹಿಟ್ಟು, ಸೌದೆ, ಡಬ್ಬ, ಬಸ್ಸಿನ ಚಾರ್ಜು, ಬಡಿಯುವವರಿಗೆ ರೊಟ್ಟಿಗೆ ಎರಡು ರೂಪಾಯಿ. ಎಲ್ಲ ಕಳೆದು ನನಗೆ ಒಂದು ರೊಟ್ಟಿಗೆ ಉಳಿಯುವುದು ಅರವತ್ತು ಪೈಸೆ. ನೀವು ಮುರಿದ ರೊಟ್ಟಿ ಅಂತ ಹಿಡಿಯುವುದು ರೊಟ್ಟಿಗೆ ಮೂವತ್ತು ಪೈಸೆ ಬೀಳುತ್ತದೆ. ಅಲ್ಲಿಗೆ ಅರ್ಧ ಹೋಯಿತು. ಖಡಕ್ ರೊಟ್ಟಿ ಬಸ್ಸಿನಲ್ಲಿ ಹೋದರೆ ಮುರಿಯುತ್ತದೆ, ಸರಿ. ಆದರೆ ನಿಜವಾಗಿ ಮುರಿದದ್ದು ಎಷ್ಟು ಅಂತ ಯಾರೂ ಎಣಿಸುವುದಿಲ್ಲ, ಸುಮ್ನೆ ನೂರಕ್ಕೆ ಐದು ಅಂತ ಬರೆಯುತ್ತಾರೆ. ಇನ್ನೊಂದು ಗುಟ್ಟು ಹೇಳಲಾ? ನಿಮ್ಮ ಬಾಗಲಕೋಟೆ ಅಂಗಡಿಯಲ್ಲಿ ಸಂಜೆ ರೊಟ್ಟಿ ಚೂರಿನ ಒಗ್ಗರಣೆ ಸಿಗುತ್ತದೆ. ಈರುಳ್ಳಿ, ಶೇಂಗಾ, ಕರಿಬೇವು ಹಾಕಿ ಚೆನ್ನಾಗಿ ಮಾಡುತ್ತಾರೆ. ಒಂದು ಪ್ಲೇಟ್ 70 ರೂಪಾಯಿ. ನಾನೇ ತಿಂದು ನೋಡಿದ್ದೇನೆ. ನನಗೆ ದುಡ್ಡು ಕೊಡದ ರೊಟ್ಟಿಯನ್ನು ನಾನೇ ದುಡ್ಡು ಕೊಟ್ಟು ತಿಂದು ಬಂದೆ.

ಬಡಿಯುವವರಿಗೆ ಶನಿವಾರ ಬಟವಡೆ. ಅದನ್ನು 45 ದಿನ ತಡೆದರೆ ಅವರ ಮನೆಯ ಒಲೆ ಹೊತ್ತುವುದಿಲ್ಲ. ಒಂದು ವಾರವೂ ತಪ್ಪಿಸಿಲ್ಲ ಅಂತ ಹೆಮ್ಮೆಯಿಂದ ಹೇಳುತ್ತೇನೆ. ಹೇಗೆ ಅಂದರೆ, ಡಿಸೆಂಬರ್‌ನಲ್ಲಿ ಪಾಟ್ಲಿ ಒತ್ತೆ ಇಟ್ಟೆ. ಜನವರಿಯಲ್ಲಿ ಎಳೆ ಸರ. ನಿಮ್ಮ ಹೊಸ ಅಂಗಡಿಗೆ ಬ್ಯಾಂಕಿನ ಸಾಲ ಬೇಕಾಗಲಿಲ್ಲ, ಖರೆ. ಆ ಸಾಲ ನಾನು ಮಾಡಿದ್ದೇನೆ, ಬಂಗಾರದ ಮೇಲೆ, ನನ್ನ ಹೆಸರಿನಲ್ಲಿ.

ಹಣ ಈಗಲೇ ಯಾಕೆ ಬೇಕು ಅನ್ನುವುದನ್ನೂ ಹೇಳಬೇಕು. ಬಿಳಿಜೋಳ ನಮ್ಮ ಕಡೆ ಹಿಂಗಾರಿ ಬೆಳೆ. ಸುಗ್ಗಿ ಈಗ ನಡೆದಿದೆ. ಈ ಒಂದೂವರೆ ತಿಂಗಳಲ್ಲಿ ನಾನು ವರ್ಷಕ್ಕೆ ಬೇಕಾದ ಜೋಳ ಕೊಂಡು, ಬಿಸಿಲಿಗೆ ಹಾಕಿ, ತುಂಬಿಟ್ಟುಕೊಳ್ಳಬೇಕು. ಈಗ ರೈತರ ಹತ್ತಿರ ನೇರವಾಗಿ ಒಳ್ಳೆಯ ಮಾಲದಂಡಿ ಸಿಗುತ್ತದೆ, ಆರಿಸಿಕೊಳ್ಳಬಹುದು. ಮಳೆಗಾಲಕ್ಕೆ ಹೋದರೆ ಅದೇ ಜೋಳ ದಲಾಲಿ ಅಂಗಡಿಯಲ್ಲಿ ಕ್ವಿಂಟಲಿಗೆ ಏಳೆಂಟು ನೂರು ಜಾಸ್ತಿ, ಕಲಬೆರಕೆ ಬೇರೆ. ಹೋದ ವರ್ಷ ಹಾಗೇ ಆಯಿತು. ಹಿಟ್ಟಿಗೆ ಜಿಗಿ ಇರಲಿಲ್ಲ, ಬಡಿಯುವಾಗ ಅಂಚು ಸೀಳುತ್ತಿತ್ತು. ರೊಟ್ಟಿ ದಪ್ಪ ಆಗಿದೆ ಅಂತ ನಿಮ್ಮ ವಿಜಯಪುರ ಅಂಗಡಿಯಿಂದ ದೂರು ಬಂತು. ದೂರು ನಿಜ. ಕಾರಣ ನಿಮ್ಮ ಅಕೌಂಟ್ಸ್‌ನಲ್ಲಿತ್ತು.

ಮಾರ್ಚ್ 28ಕ್ಕೆ ನೀವು ಕೊಡುವ ಹಣ ನನಗೆ ಸುಗ್ಗಿ ಮುಗಿದ ಮೇಲೆ ಸಿಗುತ್ತದೆ. ಫೆಬ್ರವರಿಯ ಆರು ಲಕ್ಷಕ್ಕೂ ಮಾರ್ಚ್ ಕೊನೆಯ ಆರು ಲಕ್ಷಕ್ಕೂ ಬೆಲೆ ಒಂದೇ ಅಲ್ಲ.

ಕಾನೂನು ನನ್ನ ಪರ ಇದೆ ಅಂತ ಗೊತ್ತು. 2006ರ ಸಣ್ಣ ಉದ್ದಿಮೆಗಳ ಕಾಯ್ದೆ ಪ್ರಕಾರ ಬರಹದಲ್ಲಿ ಒಪ್ಪಂದ ಇದ್ದರೂ 45 ದಿನ ದಾಟುವ ಹಾಗಿಲ್ಲ. ಅದೂ ಮಾಲು ಒಪ್ಪಿಕೊಂಡ ದಿನದಿಂದ ಎಣಿಸಬೇಕು. ನಾನು ನಿಮಗೆ ಅನುಕೂಲ ಆಗಲಿ ಅಂತ ಬಿಲ್ಲಿನ ದಿನದಿಂದ ಎಣಿಸಿದ್ದೇನೆ. ದಾಟಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ತಿಂಗಳಿಗೊಮ್ಮೆ ಚಕ್ರಬಡ್ಡಿ. ಡಿಸೆಂಬರ್‌ನಲ್ಲಿ ಆ ದರ ಶೇ 5.50ಕ್ಕೆ ಇಳಿಯಿತು. ಮೂರು ಪಟ್ಟು ಅಂದರೆ ಶೇ 16.5. ಈಗಿನ ಬಾಕಿಗೆ ತಿಂಗಳಿಗೆ ಎಂಟು ಸಾವಿರದ ಮೇಲೆ ಆಗುತ್ತದೆ. ಸಣ್ಣ ಉದ್ದಿಮೆಗಳ ಬಾಕಿಯ ದೂರಿಗೆ ಇರುವ ಸರಕಾರದ ಸಮಾಧಾನ್ ಪೋರ್ಟಲ್‌ನಲ್ಲಿ ದೂರು ಹಾಕಬಹುದು ಅಂತಲೂ ಗೊತ್ತು. ಹಾಕಿದ ಮರುದಿನ ಆರ್ಡರ್ ನಿಲ್ಲುತ್ತದೆ ಅಂತಲೂ ಗೊತ್ತು. ನಮ್ಮ ಓಣಿಯಲ್ಲಿ ಚಟ್ನಿಪುಡಿ ಮಾಡುವ ಅಕ್ಕನಿಗೆ ಬೇರೊಂದು ಕಡೆ ಹಾಗೇ ಆಯಿತು. ಕಾನೂನು ಪುಸ್ತಕದಲ್ಲಿ ಇರುತ್ತದೆ, ಆರ್ಡರ್ ನಿಮ್ಮ ಫೋನಿನಲ್ಲಿ ಇರುತ್ತದೆ. ಹಾಗಾಗಿ ದೂರು ಹಾಕದೆ ಪತ್ರ ಬರೆದಿದ್ದೇನೆ.

ಶೇರುದಾರಳಾಗಿ ಇನ್ನೊಂದು ಮಾತು, ಬೇಗ ಮುಗಿಸುತ್ತೇನೆ. ನೀವು ಹೆಚ್ಚು ಮಾತಾಡುವುದು ಇಬಿಟಿಡಾ ಬಗ್ಗೆ, ಅಂದರೆ ಬಡ್ಡಿ, ತೆರಿಗೆ, ಸವಕಳಿ ಕಳೆಯುವ ಮೊದಲಿನ ಲಾಭದ ಬಗ್ಗೆ. 2019ರಿಂದ ಜಾರಿಯಲ್ಲಿರುವ ಇಂಡ್ ಎಎಸ್ 116 ಅನ್ನುವ ಲೆಕ್ಕ ಬರೆಯುವ ನಿಯಮದಿಂದ ಅಂಗಡಿ ಬಾಡಿಗೆಯ ಹೆಚ್ಚಿನ ಪಾಲು ಬಾಡಿಗೆ ಅಂತ ಕಾಣುವುದಿಲ್ಲ. ಸವಕಳಿ, ಬಡ್ಡಿ ಅಂತ ಎರಡಾಗಿ ಕೆಳಗೆ ಹೋಗುತ್ತದೆ. ಇಬಿಟಿಡಾ ಎಣಿಸುವುದು ಅದಕ್ಕೂ ಮೇಲೆ. ಹೀಗಾಗಿ ಬಾಡಿಗೆ ಕಟ್ಟಡದಲ್ಲಿ ಅಂಗಡಿ ತೆರೆದಷ್ಟೂ ಆ ಅಂಕಿ ದಪ್ಪ ಕಾಣುತ್ತದೆ. ನಿಯಮ ಎಲ್ಲರಿಗೂ ಒಂದೇ, ನೀವು ತಪ್ಪು ಮಾಡಿದಿರಿ ಅನ್ನುತ್ತಿಲ್ಲ. ಬಾಡಿಗೆ ಕಳೆದ ಮೇಲೆ ಉಳಿದದ್ದು ಎಷ್ಟು ಅಂತ ಪಕ್ಕದಲ್ಲಿ ಒಂದು ಕಾಲಮ್ ಹಾಕಿ. ಮನೆ ನಡೆಸುವವರಿಗೆ ಬಾಡಿಗೆ ಬಾಡಿಗೆಯೇ.

ನನ್ನ ಬೇಡಿಕೆ ದೊಡ್ಡದೇನಲ್ಲ. ಮೊದಲನೆಯದು, ಗಡುವು ದಾಟಿದ ನನ್ನ ಮೂರೂ ಬಿಲ್ಲು ಮಾರ್ಚ್ ಮೊದಲ ವಾರದೊಳಗೆ ಮುಟ್ಟಿಸಿ. ಬಡ್ಡಿಯ ಮಾತು ಕಾನೂನು ಹೇಳುತ್ತದೆ, ನಾನು ನಿಮ್ಮ ಮರ್ಯಾದೆಗೆ ಬಿಡುತ್ತೇನೆ. ನನ್ನ ಹಾಗೆ ಮೊಸರು ಕೊಡುವವರಿದ್ದಾರೆ, ಕರದಂಟು ಕೊಡುವವರಿದ್ದಾರೆ, ಬೆಳಗಾವಿಯಿಂದ ಕಾಯಿಪಲ್ಯ ತುಂಬಿಸುವವರಿದ್ದಾರೆ. ಅವರದು ಎಷ್ಟು ಅಂತ ನನಗೆ ಗೊತ್ತಿಲ್ಲ, ನಿಮಗೆ ಗೊತ್ತು. ಅವರದನ್ನೂ ಕೊಡಿ. ವರ್ಷಕ್ಕೆ 250 ಕೋಟಿ ವಹಿವಾಟು ದಾಟಿದ ಕಂಪನಿಗಳು ಟ್ರೆಡ್ಸ್ ವ್ಯವಸ್ಥೆಗೆ ಸೇರಲು 2025ರ ಮಾರ್ಚ್ 31 ಗಡುವು ಇತ್ತು. ಅಲ್ಲಿ ನೀವು ಬಿಲ್ಲು ಒಪ್ಪಿದರೆ ಬ್ಯಾಂಕು ನಮಗೆ ಮೊದಲೇ ಹಣ ಕೊಡುತ್ತದೆ, ನೀವು ಬ್ಯಾಂಕಿಗೆ ಆಮೇಲೆ ಕಟ್ಟುತ್ತೀರಿ. ನಿಮ್ಮ ವಹಿವಾಟು 250 ಕೋಟಿ ದಾಟಿದೆ ಅಂತ ನಿಮ್ಮ ಫಲಿತಾಂಶವೇ ಹೇಳುತ್ತದೆ. ಸೇರಿದ್ದರೆ ನಮ್ಮ ಬಿಲ್ಲುಗಳನ್ನು ಅದಕ್ಕೆ ಹಾಕಿ. ಸೇರಿಲ್ಲದಿದ್ದರೆ ಯಾಕೆ ಅಂತ ಹೇಳಿ.

ಮುರಿದ ರೊಟ್ಟಿಯನ್ನು ಎಣಿಸಿ ಕಡಿತ ಮಾಡಿ. ಅಥವಾ ಆ ಚೂರನ್ನು ನನಗೇ ವಾಪಸ್ ಕೊಡಿ. ಒಗ್ಗರಣೆ ನನಗೂ ಹಾಕಲು ಬರುತ್ತದೆ.

ಇನ್ನು ಲೆಕ್ಕದ ಮಾತು. ಕಡ್ಡಾಯ ಇಲ್ಲದಿದ್ದರೂ ಜೂನ್ ಮತ್ತು ಡಿಸೆಂಬರ್ ಫಲಿತಾಂಶದ ಜೊತೆಗೂ ಸಣ್ಣ ಉದ್ದಿಮೆಗಳ ಬಾಕಿ ಎಷ್ಟು, ಅದರಲ್ಲಿ 45 ದಿನ ದಾಟಿದ್ದು ಎಷ್ಟು ಅಂತ ಎರಡು ಸಾಲು ಸೇರಿಸಿ. ಹಳೆಯ ಅಂಗಡಿಗಳ ಮಾರಾಟದ ಅಂಕಿಯನ್ನು ವಾಪಸ್ ತನ್ನಿ, ಕಡಿಮೆ ಬಂದಾಗಲೂ. ಆಡಿಟ್ ಸಮಿತಿಯಲ್ಲಿ ಇರುವ ಸ್ವತಂತ್ರ ನಿರ್ದೇಶಕರಿಗೆ ನನ್ನ ವಿಶೇಷ ವಿನಂತಿ: ಡಿಸೆಂಬರ್ 31ರಂದು ನಮ್ಮಂಥವರ ಬಾಕಿ ಎಷ್ಟಿತ್ತು, ಸೆಪ್ಟೆಂಬರ್ 30ರಂದು ಎಷ್ಟಿತ್ತು ಅಂತ ಎರಡು ಅಂಕಿ ತರಿಸಿಕೊಂಡು ಪಕ್ಕಪಕ್ಕ ಇಟ್ಟು ನೋಡಿ. ಅರ್ಧ ಗಂಟೆಯ ಕೆಲಸ. ಸಾಧ್ಯವಾದರೆ ಫಲಿತಾಂಶದ ಒಂದು ಪುಟ ಕನ್ನಡದಲ್ಲೂ ಹಾಕಿ. ಮೆನುವಿನಲ್ಲಿ ಕನ್ನಡ ಚೆನ್ನಾಗಿ ಬರೆಸಿದ್ದೀರಿ, ಲೆಕ್ಕದಲ್ಲೂ ಬರುತ್ತದೆ.

ನೀವು ಬೆಳೆಯುವುದು ನನಗೆ ಬೇಕು. ಎರಡು ಅಂಗಡಿ ಇದ್ದಾಗ ನನ್ನ ಹತ್ತಿರ ಐದು ಜನ ಇದ್ದರು, ಈಗ ಎಂಟು ಜನ. ಆ ಮೂರು ಮನೆಗೆ ಹೊಸದಾಗಿ ದುಡಿಮೆ ಸಿಕ್ಕಿದ್ದು ನಿಮ್ಮಿಂದಲೇ. ಕಲಬುರಗಿಯಲ್ಲೂ ತೆರೆಯುತ್ತೀರಿ ಅಂತ ಕೇಳಿದೆ. ಅಲ್ಲಿಗೂ ರೊಟ್ಟಿ ಕೊಡಿ ಅಂತ ನಿಮ್ಮ ಖರೀದಿ ವಿಭಾಗದವರು ಕೇಳಿದ್ದಾರೆ. ದಿನಕ್ಕೆ 300. ನಾನು ಇನ್ನೂ ಹೂಂ ಅಂದಿಲ್ಲ. ಒತ್ತೆ ಇಡಲು ಮನೆಯಲ್ಲಿ ಇನ್ನು ತಾಳಿ ಮಾತ್ರ ಉಳಿದಿದೆ.

ಜನವರಿಯ ಬಿಲ್ಲು ಈ ತಿಂಗಳ ಎರಡನೇ ತಾರೀಕಿಗೇ ಕೊಟ್ಟಿದ್ದೇನೆ. ಅದರ ಗಡುವು ಮಾರ್ಚ್ 19. ಅದನ್ನು ಮೇಲಿನ ಬಾಕಿಯಲ್ಲಿ ಸೇರಿಸಿಲ್ಲ.

ನಾಳೆ ಬೆಳಿಗ್ಗೆ ಆರೂವರೆ ಬಸ್ಸಿಗೆ ಬೆಳಗಾವಿಯ ಡಬ್ಬ ಹಾಕುತ್ತೇನೆ. 570 ರೊಟ್ಟಿ, ನಡುನಡುವೆ ಪೇಪರ್ ಇಟ್ಟು ಕಟ್ಟಿದ್ದು. ಇಳಿಸಿಕೊಳ್ಳುವಾಗ ಹುಡುಗರಿಗೆ ಎಣಿಸಲು ಹೇಳಿ.

ವಂದನೆಗಳೊಂದಿಗೆ,

ನಿಮ್ಮ ರೊಟ್ಟಿಯವಳು ಮತ್ತು 25 ಶೇರಿನ ಪಾಲುದಾರಳು
ನವನಗರ, ಬಾಗಲಕೋಟೆ
ಫೆಬ್ರವರಿ 2026